ಬೇಗಡೆಯ ಕಿರೀಟ, ನೀಲಕಂಠದ ಗರಿ: ಮಿನುಗುವ ಬಣ್ಣದ ಚರಿತ್ರೆ

ಅಡಿಕೆ ಕೊಯ್ಲು ಮುಗಿದು ಗದ್ದೆಗಳು ಒಣಗಿದ ಮೇಲೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಸೀಮೆಗೆ ಬಯಲಾಟದ ಕಾಲ ಬರುತ್ತದೆ. ಬೇಗಾರಿನಂಥ ಹಳ್ಳಿಯ ಗದ್ದೆಬಯಲಿನ ರಂಗಸ್ಥಳದಲ್ಲಿ ರಾಜವೇಷದ ತಲೆಯ ಮೇಲೆ ಝಗಝಗಿಸುವುದು ಚಿನ್ನವಲ್ಲ, ರತ್ನವೂ ಅಲ್ಲ. ಹಗುರವಾದ ಮರವನ್ನು ಕೆತ್ತಿ, ಅದಕ್ಕೆ ಬೇಗಡೆ ಎಂಬ ಹೊಳೆಯುವ ತೆಳು ತಗಡು ಅಂಟಿಸಿ, ನಡುನಡುವೆ ಕನ್ನಡಿಯ ಚೂರು, ಬಣ್ಣದ ಗಾಜು ಕೂರಿಸಿ ಮಾಡಿದ ಕಿರೀಟ ಅದು. ಭುಜಕೀರ್ತಿ, ಎದೆಕಟ್ಟು, ತೋಳ್ಕಟ್ಟುಗಳ ಕಥೆಯೂ ಇದೇ. ಹಗಲಿನಲ್ಲಿ, ವೇಷ ಕಟ್ಟುವ ಚೌಕಿಯ ಪೆಟ್ಟಿಗೆಯೊಳಗೆ ಇವುಗಳಿಗೆ ಹೇಳಿಕೊಳ್ಳುವಂಥ ಚೆಲುವಿಲ್ಲ. ರಾತ್ರಿ ದೀಪದೆದುರು ವೇಷಧಾರಿ ಒಂದು ಸುತ್ತು ತಿರುಗಿದರೆ ಮಾತ್ರ ಅವಕ್ಕೆ ಜೀವ ಬರುತ್ತದೆ. ಬಣ್ಣವೆನ್ನುವುದು ವಸ್ತುವಿನಲ್ಲಿ ಅಂಟಿಕೊಂಡಿರುವ ಗುಣ ಎಂದು ನಂಬಿದವರಿಗೆ ಇದೊಂದು ತೊಡಕು. ನೋಡುವ ಕೋನ, ಬೀಳುವ ಬೆಳಕು, ಚಲಿಸುವ ಮೈ ಇವು ಮೂರೂ ಸೇರದೆ ಹುಟ್ಟದ ಬಣ್ಣವೊಂದಿದೆ, ಅದನ್ನು ಕೈಯಿಂದ ಮಾಡುವ ಪ್ರಯತ್ನಕ್ಕೆ ಕನ್ನಡ ನಾಡಿನಲ್ಲಿ ದೀರ್ಘ ಚರಿತ್ರೆಯಿದೆ. ಆ ಚರಿತ್ರೆ ಮೂರು ಹೆಜ್ಜೆಗಳದ್ದು: ಮೊದಲು ಪ್ರಾಣಿಪಕ್ಷಿಗಳ ಮೈಯನ್ನೇ ಎರವಲು ತಂದರು, ಆಮೇಲೆ ಆ ಮೈಯ ನಡತೆಯನ್ನು ಎರವಲು ತಂದರು, ಕೊನೆಗೆ ಅದರ ರಚನೆಯನ್ನು ಎರವಲು ತಂದರು. ಎರಡನೆಯ ಹೆಜ್ಜೆಯನ್ನು, ಅಂದರೆ ಬೇಗಡೆಯವರ ಮತ್ತು ನೇಕಾರರ ಕೆಲಸವನ್ನು, ನಾವು ಬರಿಯ ಅಗ್ಗದ ನಕಲೆಂದು ತಳ್ಳಿಹಾಕಿದ್ದೇವೆ. ಅದು ತಪ್ಪು ಎಂಬುದು ಈ ಬರಹದ ವಾದ.

ಮಲೆನಾಡಿನವರಿಗೆ ವರ್ಣದ್ರವ್ಯ ಹೊಸ ವಿಷಯವಲ್ಲ. ಅಡಿಕೆ ಬೇಯಿಸಿದ ನೀರು ಇಂಗಿ ಉಳಿಯುವ ಚೊಗರು ಇಲ್ಲಿನ ಪ್ರತಿ ತೋಟದ ಮನೆಗೆ ಗೊತ್ತು. ಬೆಂದ ಅಡಿಕೆಗೆ ಕೆಂಪು ಹೊಳಪು ಕೊಡುವುದು ಅದೇ, ಬಟ್ಟೆಗೆ ತಾಗಿದರೆ ಬಿಡದ ಕಲೆಯೂ ಅದೇ. ಅರಿಸಿನದ ಹಳದಿ, ಕಾಡಿಗೆಯ ಕಪ್ಪು, ಎಲೆಯ ಹಸಿರು ಎಲ್ಲವೂ ಈ ಜಾತಿಯವು. ಬೆಳಕಿನ ಕೆಲವು ಭಾಗವನ್ನು ವಸ್ತು ಹೀರಿಕೊಳ್ಳುತ್ತದೆ, ಉಳಿದದ್ದು ನಮ್ಮ ಕಣ್ಣಿಗೆ ಬರುತ್ತದೆ. ಇಂಥ ಬಣ್ಣವನ್ನು ಅರೆಯಬಹುದು, ಕುದಿಸಿ ಇಳಿಸಬಹುದು, ಇನ್ನೊಂದಕ್ಕೆ ಬಳಿಯಬಹುದು. ಆದರೆ ತುಂಗೆಯ ಮೇಲೆ ನೀಲಿ ಗೆರೆ ಎಳೆದಂತೆ ಹಾರುವ ಮಿಂಚುಳ್ಳಿಯ ಬೆನ್ನಿನಲ್ಲಿ ನೀಲಿಯ ದ್ರವ್ಯವೇ ಇಲ್ಲ. ಅದರ ಹೊಟ್ಟೆಯ ಕಿತ್ತಳೆ ಮಾತ್ರ ದ್ರವ್ಯದ್ದು. ಸೂರಕ್ಕಿಯ ಕೊರಳಿನ ಹೊಳಪಿಗೂ ಹೊಳೆಯುವ ದ್ರವ್ಯ ಕಾರಣವಲ್ಲ. ಶೃಂಗೇರಿಯ ಸ್ನಾನಘಟ್ಟದಲ್ಲಿ ಯಾರೂ ಹಿಡಿಯದೆ ಬೆಳೆದ ದೇವರ ಮೀನುಗಳು ಮೈ ಹೊರಳಿಸಿದಾಗ ಕಾಣುವ ಬೆಳ್ಳಿಯಲ್ಲಿ ಲೋಹವಿಲ್ಲ. ಗ್ವಾನೀನ್ ಎಂಬ ಬಣ್ಣವಿಲ್ಲದ ವಸ್ತುವಿನ ತೆಳು ಹರಳುಗಳು ಚರ್ಮದ ಜೀವಕೋಶಗಳಲ್ಲಿ ಪದರ ಪದರವಾಗಿ ಕುಳಿತು ಬೆಳಕನ್ನು ಹಿಂದಕ್ಕೆ ಕಳಿಸುತ್ತವೆ. ಕಣ್ಣಿಗೆ ಕಾಣುವ ಬೆಳಕಿನ ತರಂಗಾಂತರ ಸುಮಾರು 400ರಿಂದ 700 ನ್ಯಾನೋಮೀಟರ್. ಪದರಗಳ ದಪ್ಪವೋ ಅವುಗಳ ನಡುವಣ ಅಂತರವೋ ಈ ಅಳತೆಗೆ ಹೋಲಿಸುವಷ್ಟು ಸಣ್ಣದಾಗಿದ್ದರೆ, ಒಂದೊಂದು ಪದರದಿಂದ ಹಿಂದಿರುಗಿದ ಅಲೆಗಳು ಕೆಲವು ಬಣ್ಣಗಳಲ್ಲಿ ಒಂದನ್ನೊಂದು ಬಲಪಡಿಸುತ್ತವೆ, ಉಳಿದವುಗಳಲ್ಲಿ ಒಂದನ್ನೊಂದು ಅಳಿಸುತ್ತವೆ. ವಿಜ್ಞಾನಿಗಳು ವ್ಯತಿಕರಣ ಎನ್ನುವುದು ಇದನ್ನೇ. ಹೀಗೆ ಹುಟ್ಟುವ ಬಣ್ಣಕ್ಕೆ ರಚನಾಬಣ್ಣ ಎನ್ನೋಣ. ಅದನ್ನು ಅರೆದರೆ ಬಣ್ಣ ಕೈಗೆ ಬರುವುದಿಲ್ಲ, ರಚನೆ ಮುರಿದು ಮಂಕು ಪುಡಿ ಬರುತ್ತದೆ.

ಈ ವ್ಯತ್ಯಾಸ ಬರಹಕ್ಕೆ ಬಂದದ್ದು ಸೂಕ್ಷ್ಮದರ್ಶಕದ ಮೊದಲ ದಿನಗಳಲ್ಲಿ. 1665ರಲ್ಲಿ ಲಂಡನ್ನಿನ ರಾಬರ್ಟ್ ಹುಕ್ ತನ್ನ 'ಮೈಕ್ರೋಗ್ರಾಫಿಯಾ'ದಲ್ಲಿ ನವಿಲುಗರಿಯ ವಿಚಾರ ಎತ್ತಿ, ಗರಿಯನ್ನು ನೀರಿನಲ್ಲಿ ನೆನೆಸಿದರೆ ಹೊಳಪಿನ ಬಣ್ಣ ಹೋಗುತ್ತದೆ, ಒಣಗಿದರೆ ಮರಳುತ್ತದೆ ಎಂಬುದನ್ನು ಗಮನಿಸಿದ. ದ್ರವ್ಯದ ಬಣ್ಣವಾಗಿದ್ದರೆ ನೀರಿಗೆ ಹೀಗೆ ಅಂಜಬೇಕಾಗಿರಲಿಲ್ಲ. 1704ರಲ್ಲಿ ಪ್ರಕಟವಾದ ನ್ಯೂಟನ್ನನ 'ಆಪ್ಟಿಕ್ಸ್' ಇದನ್ನು ತೆಳುಪದರಗಳ ಬಣ್ಣದ ಜೊತೆಗಿಟ್ಟು ನೋಡಿತು. ಆದರೂ ಪ್ರಶ್ನೆ ಅಲ್ಲಿಗೆ ಮುಗಿಯಲಿಲ್ಲ. 1911ರಲ್ಲೂ ಬೆಳಕಿನ ವೇಗ ಅಳೆದು ಹೆಸರಾದ ಮೈಕಲ್ಸನ್, ಹಕ್ಕಿಗಳ ಮತ್ತು ಕೀಟಗಳ ಲೋಹದಂಥ ಹೊಳಪು ಹೆಚ್ಚಾಗಿ ಗಾಢ ವರ್ಣದ್ರವ್ಯದ ಮೇಲ್ಮೈಯಿಂದಲೇ ಬರುತ್ತದೆ ಎಂದು ವಾದಿಸಿದ. 1919ರಲ್ಲಿ ಇನ್ನೊಬ್ಬ ಭೌತವಿಜ್ಞಾನಿ ರ್‍ಯಾಲೆ ಅದಕ್ಕೆ ಎದುರಾಗಿ ಪದರಗಳ ವಿವರಣೆಯನ್ನು ಎತ್ತಿ ಹಿಡಿದ. ಪ್ರಪಂಚದ ದೊಡ್ಡ ಭೌತವಿಜ್ಞಾನಿಗಳೇ 20ನೆಯ ಶತಮಾನದವರೆಗೂ ಒಮ್ಮತಕ್ಕೆ ಬಾರದ ವಿಷಯವಿದು. ಬೇಗಡೆ ಬಡಿಯುವವನನ್ನು ತೂಗುವಾಗ ಈ ಹಿನ್ನೆಲೆ ಮನಸ್ಸಿನಲ್ಲಿರಬೇಕು.

ಮೊದಲ ಹೆಜ್ಜೆ ಸುಲಭದ್ದು: ಬಣ್ಣ ಮಾಡಲು ಬಾರದಿದ್ದರೆ ಬಣ್ಣವಿರುವ ಮೈಯನ್ನೇ ತರುವುದು. ದೇವರಿಗೆ ಬೀಸುವ ನವಿಲುಗರಿಯ ಬೀಸಣಿಗೆ, ಕೃಷ್ಣನ ವೇಷದ ತಲೆಯ ಗರಿ, ಗರಿಯ ಕಟ್ಟು ಹಿಡಿದು ಊರೂರು ಅಲೆಯುವ ಫಕೀರರು ಇವೆಲ್ಲ ಈ ಹೆಜ್ಜೆಯ ಗುರುತುಗಳು. ಬಯಲುಸೀಮೆಯ ಮಕ್ಕಳು ಬೆಂಕಿಪೊಟ್ಟಣದಲ್ಲಿಟ್ಟು ಸಾಕುವ ಜೀರ್ಜಿಂಬೆಯ ಜಾತಿಯ ದುಂಬಿಗಳ ಹಸಿರು ರೆಕ್ಕೆಕವಚ 19ನೆಯ ಶತಮಾನದಲ್ಲಿ ಭಾರತದಿಂದ ಹೊರಟ ಒಂದು ವ್ಯಾಪಾರದ ಸರಕೇ ಆಗಿತ್ತು. ಮದರಾಸು, ಹೈದರಾಬಾದು, ಕಲ್ಕತ್ತಗಳ ಕಸೂತಿಗಾರರು ಅದನ್ನು ಮಲ್ಮಲ್ ಬಟ್ಟೆಗೆ ಜರಿಯ ಜೊತೆ ಹೊಲಿಯುತ್ತಿದ್ದರು. 1888ರಲ್ಲಿ ಲಂಡನ್ನಿನ ನಟಿ ಎಲೆನ್ ಟೆರಿ ಲೇಡಿ ಮ್ಯಾಕ್‌ಬೆತ್ ಪಾತ್ರಕ್ಕೆ ತೊಟ್ಟ ಉಡುಪಿನಲ್ಲಿ ಸುಮಾರು ಒಂದು ಸಾವಿರ ರೆಕ್ಕೆಗಳಿದ್ದವು. 1903ರ ದೆಹಲಿ ದರ್ಬಾರಿಗೆ ಲೇಡಿ ಕರ್ಜನ್ ಉಟ್ಟ ನವಿಲುಗರಿ ವಿನ್ಯಾಸದ ಉಡುಪಿನಲ್ಲಿ ಪ್ರತಿ ಗರಿಯ ಕಣ್ಣಿಗೂ ದುಂಬಿಯ ರೆಕ್ಕೆ ಕೂರಿಸಲಾಗಿತ್ತು. ಜಪಾನಿನ ಹೋರ್ಯೂಜಿ ದೇಗುಲದ 7ನೆಯ ಶತಮಾನದ ಪುಟ್ಟ ಗುಡಿಯೊಂದಕ್ಕೆ ಇಂಥದೇ ದುಂಬಿಯ ಹೆಸರು ಬಂದದ್ದು ಅದರ ರೆಕ್ಕೆಗಳನ್ನು ಹಚ್ಚಿದ್ದರಿಂದ. ಮನುಷ್ಯರು ಇದರ ಹಿಂದೆ ಬಿದ್ದದ್ದಕ್ಕೆ ಒಳ್ಳೆಯ ಕಾರಣವಿತ್ತು: ದ್ರವ್ಯದ ಬಣ್ಣ ಬಿಸಿಲಿಗೆ ಮಾಸುತ್ತದೆ, ರಚನೆ ಮುರಿಯದಿದ್ದರೆ ರಚನಾಬಣ್ಣ ಮಾಸುವುದಿಲ್ಲ. ಜರ್ಮನಿಯ ಮೆಸೆಲ್‌ನಲ್ಲಿ ಸಿಕ್ಕ ಸುಮಾರು 4.7 ಕೋಟಿ ವರ್ಷ ಹಳೆಯ ದುಂಬಿಗಳ ಪಳೆಯುಳಿಕೆಯಲ್ಲಿ ಇಂದಿಗೂ ಹಸಿರು ನೀಲಿ ಹೊಳಪಿದೆ.

ಆದರೆ ಮೈಯ ಎರವಲಿಗೆ ಎರಡು ಮಿತಿಗಳಿದ್ದವು. ಗರಿಯನ್ನು ಬೇಕಾದ ಆಕಾರಕ್ಕೆ ಬಗ್ಗಿಸಲಾಗದು, ರೆಕ್ಕೆಯನ್ನು ಅಗಲಿಸಲಾಗದು. ಜೀವಿ ಕೊಟ್ಟ ಅಳತೆಯೇ ಕೊನೆಯ ಅಳತೆ. ಇನ್ನೊಂದು ಮಿತಿ ನೀತಿಯದು. ನವಿಲು ವರ್ಷಕ್ಕೊಮ್ಮೆ ತಾನಾಗಿ ಗರಿ ಉದುರಿಸುತ್ತದೆ ನಿಜ; ಉದುರಿದ್ದನ್ನು ಆಯ್ದರೆ ಪಾಪವೇನು ಎಂದು ಕೇಳುವವರಿದ್ದಾರೆ. ಆಯ್ದ ಗರಿಗೂ ಕಿತ್ತ ಗರಿಗೂ ಸಂತೆಯಲ್ಲಿ ಬೆಲೆ ಒಂದೇ ಆದಾಗ ಆ ಎರಡರ ನಡುವಣ ಗೆರೆ ಅಳಿಸಿಹೋಗುತ್ತದೆ ಎಂಬುದೇ ಅದಕ್ಕೆ ಉತ್ತರ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ನವಿಲನ್ನು ಮೊದಲ ಪಟ್ಟಿಯಲ್ಲಿಟ್ಟಿದ್ದು, ಗರಿಯ ರಫ್ತು ನಿಂತದ್ದು ಈ ಕಾರಣಕ್ಕೆ. ವಿಜಯದಶಮಿಯಂದು ನೀಲಕಂಠದ ದರ್ಶನ ಶುಭವೆಂಬ ನಂಬಿಕೆ ಭಾರತದ ಹಲವೆಡೆ ಆ ಹಕ್ಕಿಯನ್ನು ಬಲೆಗೆ ಬೀಳಿಸಿ ಪಂಜರದಲ್ಲಿಟ್ಟು ತೋರಿಸುವ ದಂಧೆಯಾದದ್ದೂ ಇಂಥ ಎರವಲಿನ ದುಷ್ಪರಿಣಾಮವೇ. ಚೆಲುವನ್ನು ಕಾಣುವ ಆಸೆ ಚೆಲುವಿರುವ ಜೀವಿಯನ್ನೇ ತಿನ್ನದಿರಬೇಕಾದರೆ ನಕಲು ಬೇಕೇ ಬೇಕು.

ಎರಡನೆಯ ಹೆಜ್ಜೆಯ ನಾಯಕ ಬೇಗಡೆ. ತವರದಂಥ ಮೆದುವಾದ ಬಿಳಿ ಲೋಹವನ್ನು ಬಡಿದು ಬಡಿದು ಹಾಳೆಗಿಂತ ತೆಳುವಾಗಿಸಿ, ಮೇಲ್ಮೈಗೆ ಕನ್ನಡಿಯಂಥ ಹೊಳಪು ತಂದು, ಅದರ ಮೇಲೆ ಬಣ್ಣ ಬೆರೆಸಿದ ಪಾರದರ್ಶಕ ಮೆರುಗೆಣ್ಣೆ ಬಳಿದರೆ ಬೇಗಡೆ. ಹಳದಿ ಮೆರುಗಾದರೆ ಚಿನ್ನದಂತೆ, ಕೆಂಪಾದರೆ ಮಾಣಿಕ್ಯದಂತೆ, ಹಸಿರಾದರೆ ಪಚ್ಚೆಯಂತೆ. ಬೆಂಡಿನ ಬಾಸಿಂಗಕ್ಕೆ, ಪಲ್ಲಕ್ಕಿಯ ಕುಚ್ಚಿಗೆ, ತೇರಿನ ಸಿಂಗಾರಕ್ಕೆ, ವೇಷದ ಒಡವೆಗೆ ಇದನ್ನು ಕತ್ತರಿಸಿ ಅಂಟಿಸುತ್ತಿದ್ದರು. ಇದೇ ಬುದ್ಧಿ ಅರಮನೆಯ ಗೋಡೆಯ ಮೇಲೂ ಕೆಲಸ ಮಾಡಿತ್ತು. 1800ರಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಫ್ರಾನ್ಸಿಸ್ ಬುಕಾನನ್, ಅಲ್ಲಿನ ಚಿತ್ರಗಾರರು ಅಗ್ಗದ ಲೋಹದ ಪುಡಿಯನ್ನು ಅಂಟಿನೊಡನೆ ಬಳಿದು, ಉಜ್ಜಿ ಹೊಳಪಿಸಿ, ಮೇಲೆ ಹಳದಿ ಮೆರುಗೆಣ್ಣೆ ಕೊಟ್ಟು ಚಿನ್ನದ ನೋಟ ತರುವ ವಿಧಾನವನ್ನು ಬರೆದಿಟ್ಟಿದ್ದಾನೆ. ಅವನ ಪ್ರವಾಸಕಥನ 1807ರಲ್ಲಿ ಅಚ್ಚಾಯಿತು. ಇಲ್ಲಿ ಗಮನಿಸಬೇಕಾದದ್ದು ಪದರಗಳ ಕ್ರಮ. ಕೆಳಗೆ ಬೆಳಕನ್ನು ಹಿಂದಿರುಗಿಸುವ ಲೋಹ, ಮೇಲೆ ಬೆಳಕು ಹಾಯ್ದು ಹೋಗಿಬರುವ ಪಾರದರ್ಶಕ ಪದರ. ಹಿಟ್ಟಿನಂಥ ಬಣ್ಣವನ್ನು ಮರಕ್ಕೆ ಬಳಿದರೆ ಈ ಪರಿಣಾಮ ಬಾರದು ಎಂಬುದನ್ನು ಕಸುಬುದಾರರು ಕಂಡುಕೊಂಡಿದ್ದರು. ಕೆಂಪಿನ ಒಡವೆ ಮಾಡುವ ಅಕ್ಕಸಾಲಿಗರು ಕಲ್ಲಿನ ಹಿಂದೆ ತೆಳು ತಗಡು ಕೊಟ್ಟು ಮುಚ್ಚಿ ಕೂರಿಸುತ್ತಿದ್ದದ್ದೂ ಇದೇ ತಿಳಿವಳಿಕೆಯಿಂದ.

ನೇಕಾರರ ದಾರಿ ಇನ್ನೂ ಸೂಕ್ಷ್ಮ. ರೇಷ್ಮೆಸೀರೆಗಳಲ್ಲಿ ಮಯೂರಕಂಠಿ ಎನ್ನುವ ಬಣ್ಣವಿದೆಯಲ್ಲ, ಅದನ್ನು ಯಾವ ಬಣ್ಣದ ಹಂಡೆಯಲ್ಲೂ ಅದ್ದಿ ತೆಗೆಯಲಾಗದು. ಹಾಸಿಗೆ ಒಂದು ಬಣ್ಣ, ಹೊಕ್ಕಿಗೆ ಇನ್ನೊಂದು ಬಣ್ಣ. ನೀಲಿಯ ಮೇಲೆ ಹಸಿರು ಓಡಿದಾಗ ಸೆರಗು ಒಂದು ಕಡೆ ಬಾಗಿದರೆ ನೀಲಿ ಮೇಲುಗೈ, ಇನ್ನೊಂದು ಕಡೆ ಬಾಗಿದರೆ ಹಸಿರು. ಒಂದೊಂದು ಎಳೆಯ ಬಣ್ಣವೂ ವರ್ಣದ್ರವ್ಯದ್ದೇ. ಆದರೆ ಒಟ್ಟು ಬಟ್ಟೆಯ ಬಣ್ಣ ಎಳೆಗಳ ಜೋಡಣೆಯಿಂದ ಹುಟ್ಟುತ್ತದೆ, ಆ ಎಳೆಗಳನ್ನು ಬಿಡಿಸಿ ಗುಡ್ಡೆ ಹಾಕಿದರೆ ಅದು ಉಳಿಯುವುದಿಲ್ಲ. ನವಿಲಿನ ಕೊರಳಿನಿಂದ ನೇಕಾರ ತೆಗೆದುಕೊಂಡದ್ದು ಇಂಥ ನೀಲಿ ಎಂಬ ಛಾಯೆಯನ್ನಷ್ಟೇ ಅಲ್ಲ. ಕೋನ ಬದಲಾದಂತೆ ಬದಲಾಗುವ ಆ ಬಣ್ಣದ ನಡತೆಯನ್ನು. ಬಣ್ಣದ ಒಂದು ಭಾಗವನ್ನಾದರೂ ದ್ರವ್ಯದಿಂದ ಬಿಡಿಸಿ ಜೋಡಣೆಗೆ ಒಪ್ಪಿಸಿದ್ದು ಈ ಕಸುಬಿನ ಸಾಧನೆ.

ಬೇಗಡೆಯವರು ಬಣ್ಣದ ನಡತೆಯನ್ನು ಲೆಕ್ಕಕ್ಕೆ ತಂದಿದ್ದರು ಎನ್ನುವುದಕ್ಕೆ ರಂಗದ ದೀಪಗಳ ಚರಿತ್ರೆಯೇ ಸಾಕ್ಷಿ. ಬಯಲಾಟ ಶತಮಾನಗಳ ಕಾಲ ನಡೆದದ್ದು ದೊಂದಿ, ಹಿಲಾಲುಗಳ ಬೆಳಕಿನಲ್ಲಿ. ಆ ಬೆಳಕು ಹಳದಿ, ಮಂದ, ಅಲುಗಾಡುವಂಥದ್ದು, ಪಕ್ಕದಿಂದ ಬರುವಂಥದ್ದು. ನೂರಾರು ಸಣ್ಣ ಮುಖಗಳಿರುವ, ಒಂದೊಂದು ಮುಖವೂ ಬೇರೆ ಬೇರೆ ಕೋನಕ್ಕೆ ತಿರುಗಿದ ಕಿರೀಟ ಅಂಥ ಬೆಳಕಿಗೆ ಹೇಳಿಮಾಡಿಸಿದ್ದು: ಜ್ವಾಲೆ ಅಲುಗಿದರೆ ಒಂದಷ್ಟು ಮುಖಗಳು ಬೆಳಗುತ್ತವೆ, ವೇಷಧಾರಿ ಕುಣಿದರೆ ಇನ್ನಷ್ಟು. 20ನೆಯ ಶತಮಾನದಲ್ಲಿ ಗ್ಯಾಸ್‌ಲೈಟು ಬಂತು, ಆಮೇಲೆ ವಿದ್ಯುತ್ತು ಬಂತು. ಎದುರಿನಿಂದ ಅಲುಗದೆ ಸುರಿಯುವ ಬಿಳಿ ಬೆಳಕಿನಲ್ಲಿ ಅದೇ ಒಡವೆಗಳು ಒಂದೋ ಕಣ್ಣು ಕುಕ್ಕುತ್ತವೆ, ಇಲ್ಲವೇ ತಮ್ಮ ಮರ, ಅಂಟುಗಳನ್ನೆಲ್ಲ ಬಯಲುಮಾಡಿಕೊಳ್ಳುತ್ತವೆ. ಯಕ್ಷಗಾನದ ವೇಷಭೂಷಣಗಳನ್ನು ಕಲೆಯ ಗಂಭೀರ ಭಾಗವಾಗಿ ಕಂಡು ಅಧ್ಯಯನ ಮಾಡಿದ ಶಿವರಾಮ ಕಾರಂತರ 'ಯಕ್ಷಗಾನ ಬಯಲಾಟ' 1959ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ವೇಷ, ಬಣ್ಣಗಳನ್ನು ಆಟದ ಒಟ್ಟು ಕಟ್ಟಿನಿಂದ ಬೇರೆ ಮಾಡಿ ನೋಡಬಾರದೆಂಬ ಎಚ್ಚರ ಕನ್ನಡದಲ್ಲಿ ಬಲಗೊಂಡದ್ದು ಅಂಥ ಕೆಲಸದಿಂದ. ಬೆಳಕು ಬದಲಾದಾಗ ಬಣ್ಣ ಸೋತದ್ದು ಒಂದು ವಿಷಯವನ್ನು ರುಜುವಾತು ಮಾಡುತ್ತದೆ. ಬೇಗಡೆಯ ಕಿರೀಟ ತನ್ನಷ್ಟಕ್ಕೆ ಪೂರ್ಣವಾದ ವಸ್ತುವಾಗಿರಲಿಲ್ಲ. ದೀಪವನ್ನೂ ಕುಣಿತವನ್ನೂ ಸೇರಿಸಿಕೊಂಡು ರೂಪಿಸಿದ ವ್ಯವಸ್ಥೆಯ ಒಂದು ಅಂಗವಾಗಿತ್ತು.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು, ಎರಡೂ ತೂಕದವು. ಬೇಗಡೆ ಅನುಕರಿಸಿದ್ದು ಚಿನ್ನವನ್ನು, ರತ್ನವನ್ನು. ನವಿಲನ್ನೋ ದುಂಬಿಯನ್ನೋ ಅಲ್ಲ. ಹಾಗಿರುವಾಗ ಅದನ್ನು ರಚನಾಬಣ್ಣದ ಚರಿತ್ರೆಗೆ ಎಳೆಯುವುದು ಸರಿಯೇ ಎಂಬುದು ಮೊದಲನೆಯದು. ಹಳದಿ ಬೇಗಡೆಯ ಮಟ್ಟಿಗೆ ಈ ಮಾತು ಒಪ್ಪತಕ್ಕದ್ದು. ಚಿನ್ನದ ಬಣ್ಣ ಆ ಲೋಹದ ಎಲೆಕ್ಟ್ರಾನುಗಳ ಗುಣ, ಪದರಗಳದ್ದಲ್ಲ. ಬೇಗಡೆಯ ಬಣ್ಣವೂ ಭೌತವಿಜ್ಞಾನದ ಕಟ್ಟುನಿಟ್ಟಿನಲ್ಲಿ ದ್ರವ್ಯದ ಬಣ್ಣವೇ. ಅದರ ಮೆರುಗೆಣ್ಣೆಯ ಪದರ ವ್ಯತಿಕರಣ ನಡೆಯಲು ಬೇಕಾದ ತೆಳುವಿಗಿಂತ ಎಷ್ಟೋ ಪಟ್ಟು ದಪ್ಪ. ಆದರೆ ಚರಿತ್ರೆ ಹುಡುಕಬೇಕಾದದ್ದು ಉತ್ತರ ಸರಿಯಾಗಿತ್ತೇ ಎಂಬುದನ್ನಷ್ಟೇ ಅಲ್ಲ, ಪ್ರಶ್ನೆ ಸರಿಯಾಗಿತ್ತೇ ಎಂಬುದನ್ನೂ. ಬೆಳಕು ಮೇಲ್ಮೈಯೊಳಗೆ ಹೊಕ್ಕು ತಿರುಗಿ ಬರುವಂತೆ ಏನು ಮಾಡಬೇಕು ಎಂಬುದು ಸರಿಯಾದ ಪ್ರಶ್ನೆ, ಅದಕ್ಕೆ ಬೇಗಡೆ ಅರ್ಧ ಉತ್ತರ ಕೊಟ್ಟಿತ್ತು. ಎರಡನೆಯ ಆಕ್ಷೇಪ, ಹಿಂದಿನವರಿಗೆ ಎಲ್ಲವೂ ಗೊತ್ತಿತ್ತು ಎನ್ನುವ ಹುಸಿ ಹೆಮ್ಮೆಗೆ ಇದು ಇಂಬು ಕೊಡುತ್ತದಲ್ಲ ಎಂಬುದು. ಕೊಡಬಾರದು. ಬೇಗಡೆಯವನಿಗೆ ತರಂಗಾಂತರದ ಅರಿವಿರಲಿಲ್ಲ. ಅವನ ಕಮ್ಮಟದಿಂದ ಮುಂದಿನ ವಿಜ್ಞಾನಕ್ಕೆ ನೇರ ದಾರಿಯೂ ಇಲ್ಲ. ಕೈಯ ಅರಿವು ಎಲ್ಲಿಗೆ ನಿಂತಿತು ಎಂದು ಖಚಿತವಾಗಿ ಹೇಳಿದಾಗಲೇ ಅದು ಎಲ್ಲಿಯವರೆಗೆ ಬಂದಿತ್ತು ಎಂಬುದಕ್ಕೂ ಬೆಲೆ.

ಮೂರನೆಯ ಹೆಜ್ಜೆಗೆ ಬೇಕಾದ ತಿಳಿವಳಿಕೆಯ ಒಂದು ಮುಖ್ಯ ಭಾಗ ಬೆಂಗಳೂರಿನಲ್ಲೇ ಮೂಡಿತು. 1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದ ಸಿ. ವಿ. ರಾಮನ್ 1934ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಕಟ್ಟಿದರು. ಅದರ ನಿಯತಕಾಲಿಕದ ಮೊದಲ ಸಂಪುಟದಲ್ಲೇ ಹಕ್ಕಿಗಳ ಗರಿಯ ಬಣ್ಣದ ಮೂಲವನ್ನು ಕುರಿತ ಅವರ ಲೇಖನ ಬಂತು. ಅವರು ಎತ್ತಿಕೊಂಡ ಹಕ್ಕಿಗಳಲ್ಲಿ ನೀಲಕಂಠವೂ ಒಂದು. ಇಂದು ಕರ್ನಾಟಕದ ರಾಜ್ಯಪಕ್ಷಿಯಾಗಿರುವುದು ಅದೇ. ಗರಿಯ ನೀಲಿಗೆ ಆಗ ಇದ್ದ ವಿವರಣೆ ಆಕಾಶದ ನೀಲಿಗೆ ಕೊಡುವಂಥದ್ದು: ಅತಿ ಸಣ್ಣ ಕಣಗಳು ನೀಲಿ ಬೆಳಕನ್ನು ಹೆಚ್ಚಾಗಿ ಚದುರಿಸುತ್ತವೆ ಎಂದು. ಬೆಳಕಿನ ಚದುರಿಕೆಯ ಅಧ್ಯಯನಕ್ಕಾಗಿಯೇ 1930ರಲ್ಲಿ ನೊಬೆಲ್ ಪಡೆದ ರಾಮನ್ನರಿಗೆ ಆ ವಿವರಣೆ ಒಪ್ಪಿಗೆಯಾಗಬೇಕಿತ್ತು. ಆದರೆ ಅವರು ಗರಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಬೆಳಕು ಬೀಳುವ ಬಗೆಯನ್ನು ಬದಲಿಸಿ ನೋಡಿ, ಸರಳ ಚದುರಿಕೆ ಇದಕ್ಕೆ ಸಾಲದು, ಇಲ್ಲಿ ವ್ಯತಿಕರಣದ ಕೈವಾಡವಿದೆ ಎಂದರು. ತಮ್ಮದೇ ಕ್ಷೇತ್ರದ ವಿವರಣೆ ಈ ವಸ್ತುವಿಗೆ ಹೊಂದದು ಎಂದು ಹೇಳುವ ಪ್ರಾಮಾಣಿಕತೆ ದೊಡ್ಡದು. ಪ್ರಪಂಚ ಅದನ್ನು ಪೂರ್ತಿಯಾಗಿ ಒಪ್ಪಲು ದಶಕಗಳು ಬೇಕಾದವು: 1971ರಲ್ಲಿ ಡೆನ್ಮಾರ್ಕಿನ ಡಿಕ್ ಹಳೆಯ ವಿವರಣೆಯನ್ನು ಅಲುಗಾಡಿಸಿದರು, 1998ರಲ್ಲಿ ರಿಚರ್ಡ್ ಪ್ರಮ್ ಮತ್ತು ಜೊತೆಗಾರರು ಅಮೆರಿಕ ಖಂಡದ ನೀಲಿ ಹಕ್ಕಿಯೊಂದರ ಗರಿಯ ಎಲೆಕ್ಟ್ರಾನ್ ಚಿತ್ರಗಳನ್ನು ಗಣಿತಕ್ಕೆ ಒಳಪಡಿಸಿ, ಗರಿಯೊಳಗಿನ ಸ್ಪಂಜಿನಂಥ ಕೆರಾಟಿನ್ ಮತ್ತು ಗಾಳಿಗುಳ್ಳೆಗಳ ಜೋಡಣೆಯಲ್ಲಿ ಕ್ರಮವಿದೆ, ಬಣ್ಣ ಆ ಕ್ರಮದಿಂದ ಬರುತ್ತದೆ ಎಂದು ತೋರಿಸಿದರು.

ರಾಮನ್ ಅಲ್ಲಿಗೆ ನಿಲ್ಲಲಿಲ್ಲ. ಕಪ್ಪೆಚಿಪ್ಪಿನ ಮಿನುಗು, ಮುತ್ತು, ಲ್ಯಾಬ್ರಡೊರೈಟ್ ಶಿಲೆ, ಕ್ಷೀರಸ್ಫಟಿಕ (ಓಪಲ್) ಹೀಗೆ ಮಿನುಗುವುದನ್ನೆಲ್ಲ ಕೂಡಿಸಿಕೊಂಡು ಕುಳಿತರು. ಮೈಸೂರು ಮಹಾರಾಜರು ಅಕಾಡೆಮಿಗೆ ಕೊಟ್ಟ ಜಾಗದಲ್ಲಿ 1948ರಲ್ಲಿ ಆರಂಭವಾದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಅವರ ಸಂಗ್ರಹದ ಹರಳು, ಚಿಪ್ಪು, ಚಿಟ್ಟೆ, ದುಂಬಿಗಳು ನೆಲೆಯಾದವು. ಎಲ್ಲದರಲ್ಲೂ ಅವರು ಗೆಲ್ಲಲಿಲ್ಲ ಎಂಬುದು ನಮ್ಮ ವಾದಕ್ಕೆ ಮುಖ್ಯ. 1953ರಲ್ಲಿ ಅವರು ಮತ್ತು ಎ. ಜಯರಾಮನ್ ಕ್ಷೀರಸ್ಫಟಿಕದ ಬಣ್ಣಕ್ಕೆ ಅದರೊಳಗಿನ ಹರಳುಗಳ ಪದರಗಳನ್ನು ಕಾರಣವೆಂದರು. 1964ರಲ್ಲಿ ಆಸ್ಟ್ರೇಲಿಯದ ಸ್ಯಾಂಡರ್ಸ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕಂಡದ್ದು ಬೇರೆ: ಒಂದೇ ಗಾತ್ರದ ಸಿಲಿಕಾ ಗೋಲಿಗಳು ಸಾಲುಸಾಲಾಗಿ ಒಟ್ಟಿಕೊಂಡಿದ್ದವು. ಬಣ್ಣ ರಚನೆಯಿಂದಲೇ ಬರುತ್ತದೆ ಎಂಬ ರಾಮನ್ನರ ತತ್ವ ನಿಂತಿತು, ರಚನೆಯ ವಿವರ ಬಿತ್ತು. ಆಮೇಲೆ ಏನಾಯಿತು ನೋಡಿ. ಕ್ಷೀರಸ್ಫಟಿಕವನ್ನು ಗಾಜಿನಲ್ಲಿ ಅನುಕರಿಸಲು ಜನ ಬಹುಕಾಲ ಹೆಣಗಿದ್ದರು. ಗೋಲಿಗಳ ವಿಷಯ ತಿಳಿದ ಹತ್ತೇ ವರ್ಷಕ್ಕೆ, 1974ರಲ್ಲಿ, ಪಿಯರ್ ಜಿಲ್ಸನ್ ಅದೇ ರಚನೆಯ ಸಂಶ್ಲೇಷಿತ ಕ್ಷೀರಸ್ಫಟಿಕವನ್ನು ಮಾರುಕಟ್ಟೆಗೆ ತಂದ. ನೋಟದ ಬೆನ್ನು ಹತ್ತಿದಾಗ ಸಿಗದಿದ್ದದ್ದು ರಚನೆಯನ್ನು ಅರಿತಾಗ ಸಿಕ್ಕಿತು. ಅನುಕರಣೆಯ ಚರಿತ್ರೆಯಲ್ಲಿ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಇನ್ನೊಂದಿಲ್ಲ.

ನವಿಲಿನ ವಿಷಯವೂ ಹೀಗೆಯೇ ಬೆಳಕಿಗೆ ಬಂತು. 2003ರಲ್ಲಿ ಚೀನಾದ ಸಂಶೋಧಕರು ನವಿಲುಗರಿಯ ಎಳೆಯೊಳಗೆ ಮೆಲನಿನ್ ಕಡ್ಡಿಗಳು ಚೌಕುಳಿಯಾಗಿ ನಿಂತಿರುವುದನ್ನು ಅಳೆದರು. ಅಂತರ ಸುಮಾರು 140 ನ್ಯಾನೋಮೀಟರ್ ಇದ್ದಲ್ಲಿ ನೀಲಿ, 150ರ ಆಸುಪಾಸಿನಲ್ಲಿ ಹಸಿರು, 165ರ ಆಸುಪಾಸಿನಲ್ಲಿ ಹಳದಿ. ಮೆಲನಿನ್ ಎಂದರೆ ನಮ್ಮ ಕೂದಲನ್ನು ಕಪ್ಪಾಗಿಸುವ ವಸ್ತುವೇ. ಒಂದೇ ಕಪ್ಪು ವಸ್ತು, ಹತ್ತಿಪ್ಪತ್ತು ನ್ಯಾನೋಮೀಟರ್‌ಗಳ ವ್ಯತ್ಯಾಸ, ಇಡೀ ಗರಿಯ ಕಣ್ಣು. ಜಪಾನಿನ ಟೇಜಿನ್ ಕಂಪನಿ ಮಾರ್ಫೊ ಎಂಬ ಮಿನುಗುವ ಚಿಟ್ಟೆಯಿಂದ ಪಾಠ ಕಲಿತು, ಪಾಲಿಯೆಸ್ಟರ್ ಮತ್ತು ನೈಲಾನನ್ನು 61 ಪದರಗಳಲ್ಲಿ ಒಂದರ ಮೇಲೊಂದಿಟ್ಟು, ಬಣ್ಣವನ್ನೇ ಹಾಕದೆ ಬಣ್ಣ ತೋರುವ ನೂಲನ್ನು ತೆಗೆಯಿತು. ನಮ್ಮ ದಿನಬಳಕೆಗೆ ಎಲ್ಲಕ್ಕಿಂತ ಹತ್ತಿರ ಬಂದದ್ದು ಮಾತ್ರ ದುಡ್ಡಿನ ನೋಟು. 2000ದಲ್ಲಿ ಬಂದ 1000 ರೂಪಾಯಿಯ ನೋಟಿನಲ್ಲಿ ಬೆಲೆಯ ಅಂಕಿಯನ್ನು ಓರೆ ಮಾಡಿದರೆ ಹಸಿರು ನೀಲಿಯಾಗುತ್ತಿತ್ತು. ಈಗಿನ 500 ರೂಪಾಯಿ ನೋಟಿನ ಭದ್ರತಾ ದಾರವೂ ಹಾಗೆಯೇ ಮಾಡುತ್ತದೆ. 1996ರಿಂದ ಮೈಸೂರಿನಲ್ಲಿ ರಿಸರ್ವ್ ಬ್ಯಾಂಕಿನ ನೋಟು ಮುದ್ರಣಾಲಯ ನಡೆಯುತ್ತಿದೆ. 2022ರ ಮಾರ್ಚಿನಲ್ಲಿ ಅಲ್ಲೇ 'ವರ್ಣಿಕಾ' ಎಂಬ ಶಾಯಿ ತಯಾರಿಕಾ ಘಟಕ ಉದ್ಘಾಟನೆಯಾಯಿತು. ವರ್ಷಕ್ಕೆ 1,500 ಮೆಟ್ರಿಕ್ ಟನ್ ಸಾಮರ್ಥ್ಯದ ಆ ಘಟಕ ಬಣ್ಣ ಬದಲಿಸುವ ಶಾಯಿಯನ್ನೂ ತಯಾರಿಸುತ್ತದೆ.

ಓರೆ ಮಾಡಿದರೆ ಬಣ್ಣ ಬದಲಿಸುವ ಶಾಯಿಗಳಲ್ಲಿ ಹೆಸರಾದ ಬಗೆಯೊಂದರ ಚಕ್ಕೆಯನ್ನು ಬಿಡಿಸಿ ನೋಡಿದರೆ ನಡುವೆ ಬೆಳಕನ್ನು ಹಿಂದಿರುಗಿಸುವ ಅಲ್ಯೂಮಿನಿಯಂ, ಅದರ ಮೇಲೆ ಪಾರದರ್ಶಕ ಪದರ, ಎಲ್ಲಕ್ಕಿಂತ ಮೇಲೆ ಅರೆಪಾರದರ್ಶಕ ಲೋಹದ ತೆಳು ಲೇಪ. ಕೆಳಗೆ ಹೊಳೆಯುವ ಲೋಹ, ಮೇಲೆ ಬೆಳಕು ಹಾಯುವ ಪದರ: ಬೇಗಡೆಯ ಕ್ರಮವೇ. ವ್ಯತ್ಯಾಸವಿರುವುದು ಮೂರು ಕಡೆ. ಪಾರದರ್ಶಕ ಪದರದ ದಪ್ಪ ಇಲ್ಲಿ ತರಂಗಾಂತರದ ಅಳತೆಗೆ ಇಳಿದಿದೆ. ಆ ಪದರಕ್ಕೆ ಬಣ್ಣ ಬೆರೆಸುವ ಅಗತ್ಯ ಹೋಗಿದೆ. ಎರಡು ಅಲೆಗಳು ಮುಖಾಮುಖಿಯಾಗಲೆಂದು ಮೇಲೊಂದು ಲೇಪ ಬಂದಿದೆ. ಕೈಯಿಂದ ಬಳಿಯುವ ಕುಂಚಕ್ಕೆ ಈ ನಿಯಂತ್ರಣ ಸಾಧ್ಯವಿರಲಿಲ್ಲ. ನಿರ್ವಾತದಲ್ಲಿ ಆವಿಯನ್ನು ಪದರವಾಗಿ ಕೂರಿಸುವ ಯಂತ್ರಗಳು ಬಂದ ಮೇಲೆ ಸಾಧ್ಯವಾಯಿತು. ಎರಡನೆಯ ಹೆಜ್ಜೆ ಮತ್ತು ಮೂರನೆಯ ಹೆಜ್ಜೆಯ ನಡುವೆ ಇರುವುದು ಬುದ್ಧಿಯ ಕಂದರಕ್ಕಿಂತ ಹೆಚ್ಚಾಗಿ ಅಳತೆಯ ಕಂದರ. ಬೇಗಡೆಯನ್ನು ಬರಿಯ ಅಗ್ಗದ ನಕಲೆನ್ನುವುದು ತಪ್ಪು ಎಂದು ಆರಂಭದಲ್ಲಿ ಹೇಳಿದ್ದು ಈ ಅರ್ಥದಲ್ಲಿ.

ಹಾಗಾದರೆ ಅಳತೆ ಕೈವಶವಾದ ಮೇಲೆ ಎಲ್ಲವೂ ಸುಸೂತ್ರವಾಯಿತೇ ಎಂಬ ಪ್ರಶ್ನೆ ಉಳಿಯುತ್ತದೆ. ಆಗಲಿಲ್ಲ. ಇಂದಿನ ವೇಷದ ಒಡವೆಗಳಿಗೆ ಥರ್ಮೋಕೋಲ್ ಬಂದಿದೆ, ಹಬ್ಬದ ಸಿಂಗಾರಕ್ಕೆ ಏಳು ಬಣ್ಣ ಚೆಲ್ಲುವ ಪ್ಲಾಸ್ಟಿಕ್ ಹಾಳೆ ಬಂದಿದೆ. ಆ ಹಾಳೆಯ ಬಣ್ಣವೂ ಮೇಲ್ಮೈಯ ಸೂಕ್ಷ್ಮ ಗೆರೆಗಳಿಂದ ಹುಟ್ಟುವ ರಚನಾಬಣ್ಣವೇ. ಅಗ್ಗ, ಹಗುರ, ಬಡ ಮೇಳಕ್ಕೂ ಎಟಕುವಂಥದ್ದು; ಅದನ್ನು ಬಳಸುವವರನ್ನು ದೂರುವುದು ಅನ್ಯಾಯ. ಬೇಗಡೆಯನ್ನು ಬಳಸಿದವರೂ ಎಟಕುವ ಬೆಲೆಗಾಗಿಯೇ ಬಳಸಿದ್ದು. ಆದರೆ ಈ ಸೀಮೆ ತುಂಗೆ ಭದ್ರೆಯರ ತಲೆಗಟ್ಟು. ಇಲ್ಲಿ ಉದುರಿದ ಚೂರು ಮಳೆಗಾಲದ ಮೊದಲ ಹೊಳೆಯಲ್ಲಿ ಕೆಳಗಿನ ಜಿಲ್ಲೆಗಳಿಗೆ ಹೊರಡುತ್ತದೆ. ಯುರೋಪಿನ ಒಕ್ಕೂಟ 2023ರಲ್ಲಿ ಉದುರುವ ಪ್ಲಾಸ್ಟಿಕ್ ಮಿನುಗುಪುಡಿಯ ಮಾರಾಟಕ್ಕೆ ತಡೆ ತಂದದ್ದು ಇಂಥದೇ ಚಿಂತೆಯಿಂದ. ಪ್ಲಾಸ್ಟಿಕ್ ಅನಿವಾರ್ಯವೆನ್ನುವವರಿಗೆ ಉತ್ತರ ಒಂದು ಹಣ್ಣಿನಲ್ಲಿದೆ. ಶೃಂಗೇರಿಯ ಜಪಮಾಲೆಗಳಲ್ಲಿ ಓಡಾಡುವ ರುದ್ರಾಕ್ಷಿ ಒಂದು ಹಣ್ಣಿನ ಗೊರಟ. ಆ ಹಣ್ಣಿನ ಸಿಪ್ಪೆ ಕಣ್ಣು ಸೆಳೆಯುವ ನೀಲಿ. 1991ರಲ್ಲಿ ಡೇವಿಡ್ ಲೀ ಎಂಬ ಸಸ್ಯವಿಜ್ಞಾನಿ ಆ ನೀಲಿಯಲ್ಲಿ ನೀಲಿ ದ್ರವ್ಯವಿಲ್ಲ, ಸಿಪ್ಪೆಯ ಜೀವಕೋಶಗಳ ಗೋಡೆಗಂಟಿದ ಪದರಗಳ ರಚನೆಯೇ ಅದನ್ನು ಹುಟ್ಟಿಸುತ್ತದೆ ಎಂದು ತೋರಿಸಿದರು. ಗಿಡಕ್ಕೆ ಇದಕ್ಕಾಗಿ ಲೋಹ ಬೇಕಿಲ್ಲ, ಪ್ಲಾಸ್ಟಿಕ್ ಬೇಕಿಲ್ಲ. ಗಿಡದ ಮೈಯಲ್ಲೇ ಇರುವ ಸರಕು ಸಾಕು. ಆ ದಾರಿ ಹಿಡಿದು ಕೇಂಬ್ರಿಜ್‌ನ ಸಂಶೋಧಕರು 2021-22ರಲ್ಲಿ ಮರದ ತಿರುಳಿನ ಸೆಲ್ಯುಲೋಸಿನಿಂದ, ಅದು ಒಣಗುವಾಗ ತಾನಾಗಿ ಕಟ್ಟಿಕೊಳ್ಳುವ ರಚನೆಯನ್ನು ಬಳಸಿ, ಬಣ್ಣದ ಹಾಳೆಯನ್ನೂ ಮಿನುಗುಪುಡಿಯನ್ನೂ ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದ್ದಾರೆ.

ಇದರಿಂದ ನಾಳೆಯೇ ಅಡಿಕೆ ಸಿಪ್ಪೆಯ ಬೇಗಡೆ ಬರುತ್ತದೆ ಎನ್ನುವುದು ಆತುರದ ಮಾತು; ಪ್ರಯೋಗಶಾಲೆಯ ಹಾಳೆಗೂ ಮೇಳದ ಪೆಟ್ಟಿಗೆಗೂ ನಡುವೆ ಬೆಲೆ, ಬಾಳಿಕೆ, ಮಲೆನಾಡಿನ ತೇವ ಹೀಗೆ ದಾಟಬೇಕಾದ ತಡೆಗಳು ಹಲವು. ಆದರೆ ಈ ಚರಿತ್ರೆ ಒಂದು ವಿಷಯವನ್ನು ಖಚಿತಪಡಿಸುತ್ತದೆ. ಬಣ್ಣ ರಚನೆಯಲ್ಲಿದೆ ಎಂದಾದರೆ ವಸ್ತು ಇಂಥದ್ದೇ ಆಗಬೇಕೆಂಬ ಕಟ್ಟುಪಾಡಿಲ್ಲ. ಕೂದಲಿನ ಕಪ್ಪಿನಿಂದ ನವಿಲು, ಬಣ್ಣವಿಲ್ಲದ ಹರಳಿನಿಂದ ಮೀನು, ಕೋಶಗೋಡೆಯ ಸರಕಿನಿಂದ ರುದ್ರಾಕ್ಷಿ ಅದೇ ಮಿನುಗನ್ನು ಮಾಡಿವೆ. ಯಾವ ವಸ್ತುವಿನಿಂದ ಮಾಡಬೇಕು ಎಂಬುದು ಇನ್ನು ಮೇಲೆ ನಮ್ಮ ಆಯ್ಕೆ. ಆ ಆಯ್ಕೆ ಸರಿಯಾಗಬೇಕಾದರೆ ಎರಡು ಬಗೆಯ ತಿಳಿವಳಿಕೆ ಒಟ್ಟಿಗೆ ಬೇಕು: ಪದರಗಳ ದಪ್ಪ ಬಲ್ಲ ಪ್ರಯೋಗಶಾಲೆಯದು, ಯಾವ ಬೆಳಕಿನಲ್ಲಿ ಯಾರ ಮೈಮೇಲೆ ಯಾವ ಕುಣಿತಕ್ಕೆ ಅದು ಮಿನುಗಬೇಕೆಂದು ಬಲ್ಲ ಒಡವೆ ಕಟ್ಟುವವರದು. ಬೇಗಡೆ ಬಡಿಯುವ, ಕಿರೀಟ ಕಟ್ಟುವ, ಹಾಸು ಹೊಕ್ಕು ಜೋಡಿಸುವ ಕೈಗಳ ಕ್ರಮವನ್ನು ಕರಾವಳಿಯಲ್ಲೂ ಮಲೆನಾಡಿನಲ್ಲೂ ಅವರು ಇರುವಾಗಲೇ ಬರೆದಿಟ್ಟುಕೊಳ್ಳಬೇಕು. ಬುಕಾನನ್ 1800ರಲ್ಲಿ ಬರೆದಿಡದಿದ್ದರೆ ಶ್ರೀರಂಗಪಟ್ಟಣದ ಹೊಳಪಿನ ಬಗ್ಗೆ ನಮಗೆ ತಿಳಿದಿರುವುದು ಇನ್ನೂ ಕಡಿಮೆಯಾಗಿರುತ್ತಿತ್ತು. ಹೊರಗಿನವನೊಬ್ಬ ದಾರಿಯಲ್ಲಿ ನಿಂತು ಮಾಡಿದ ಆ ಕೆಲಸವನ್ನು, ಈ ನೆಲದ ಶಾಲೆ, ಕಾಲೇಜು, ವಿಶ್ವವಿದ್ಯಾಲಯಗಳು ಕಸುಬುದಾರರನ್ನು ಜೊತೆಗಿಟ್ಟುಕೊಂಡು ಇನ್ನಷ್ಟು ಚೆನ್ನಾಗಿ ಮಾಡಬಲ್ಲವು, ಮಾಡಬೇಕು.